ಇಟಲಿಯ ಹಡಗು ಹತ್ತಿದ ಲಕ್ಷ್ಮಣ

ಹೋದ ವಾರ ದಾಂಡೇಲಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಕಾಗದ ತಯಾರಾಗುವ ಊರಿನ ಆ ವಾಸನೆ, ಬೆಂದ ಕಟ್ಟಿಗೆಯದೂ ಸುಣ್ಣದ್ದೂ ಕಲೆತದ್ದು, ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿದ್ದವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಮುಚ್ಚಿಕೊಳ್ಳಲು ಮನಸ್ಸಾಗಲಿಲ್ಲ. ಕೆಲವು ವರ್ಷದ ಹಿಂದೆ ನವರಾತ್ರಿಯಲ್ಲಿ ಇದೇ ರಸ್ತೆಯಲ್ಲಿ ಟೆಂಪೋದ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಸುಬ್ಬಜ್ಜಿ ಈ ವಾಸನೆಗೆ ಕಣ್ಣು ತೆರೆದಿದ್ದಳು. ಅಷ್ಟು ನೆನಪಾದದ್ದೇ ತಡ, ಆ ವರ್ಷದ ಮಳೆಗಾಲ ಪೂರ್ತಿ ಎದ್ದು ಬಂತು. ಮೆಕ್ಯಾನಿಕ್ ಬರುವವರೆಗೂ ನಾನು ಬಸ್ಸಿನಿಂದ ಇಳಿಯಲಿಲ್ಲ.

ನಾನು ಸರ್ಕಾರಿ ನರ್ಸು. ಹುಟ್ಟೂರು ಹಳಿಯಾಳ. ಯಾವ ಉಪಕೇಂದ್ರಕ್ಕೆ ಯಾರೂ ಹೋಗಲು ಒಪ್ಪುವುದಿಲ್ಲವೋ ಅಲ್ಲಿಗೆ ನನ್ನನ್ನು ಹಾಕುವುದು ಮೇಲಿನವರಿಗೆ ರೂಢಿಯಾಗಿದೆ. ನಾನು ಜಗಳವಾಡುತ್ತೇನೆ, ಆಮೇಲೆ ಹೋಗುತ್ತೇನೆ. ಆ ವರ್ಷ ಹಾಗೆ ಹೋದದ್ದು ಮುಂಡಗೋಡ ತಾಲೂಕಿಗೆ, ಸನವಳ್ಳಿಯಿಂದ ಒಳಗೆ ಕಾಡಂಚಿನಲ್ಲಿದ್ದ ಒಂದು ಸಿದ್ದಿಯರ ಕೇರಿಗೆ. ಮಳೆ ಆಗಷ್ಟೇ ಹಿಡಿದಿತ್ತು. ನನ್ನ ಕೋಣೆಯ ಹೆಂಚು ಸೋರುತ್ತಿತ್ತು, ಔಷಧಿಯ ಪೆಟ್ಟಿಗೆಗಳನ್ನು ಮಂಚದ ಮೇಲಿಟ್ಟು ನಾನು ಕೆಳಗೆ ಮಲಗುತ್ತಿದ್ದೆ.

ಬಂದ ಹೊಸದರಲ್ಲೇ ಗಣಪತಿ ನನ್ನನ್ನು ಕರೆಯಲು ಬಂದ. ಐವತ್ತರ ಆಸುಪಾಸಿನ ಗಟ್ಟಿ ಆಳು, ಮಾತು ಕಡಿಮೆ. ಅವನ ಅಜ್ಜನ ತಂಗಿಗೆ ಗಂಟಲು ಕಟ್ಟಿ ತಿಂಗಳುಗಳಾಗಿದ್ದವಂತೆ, ಕಷಾಯ ಯಾವುದೂ ನಾಟಿರಲಿಲ್ಲವಂತೆ. ಹೋಗಿ ನೋಡಿದರೆ ಜಗಲಿಯ ಮೇಲೆ ಸುಬ್ಬಜ್ಜಿ. ತೊಂಬತ್ತು ದಾಟಿದ ಮುದುಕಿ, ಕೂದಲು ಹತ್ತಿಯ ಹಾಗೆ, ಬಾಯಿಗೆ ಮಾತ್ರ ಬಿಡುವಿಲ್ಲ. ಗಂಟಲು ಹರಿದ ತಮಟೆಯಂತಾಗಿದ್ದರೂ ನಾನು ಯಾರ ಪೈಕಿ, ಮದುವೆಯಾಗಿದೆಯೇ, ಗಂಡ ಯಾಕೆ ಜೊತೆಗಿಲ್ಲ ಎಂದೆಲ್ಲ ಕೇಳುತ್ತಲೇ ಹೋದಳು. ಹಳಿಯಾಳದ ಡ್ರೈವರ್ ಇಮಾಮಸಾಬರ ಮೊಮ್ಮಗಳು ಎಂದೆ. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇಟಲಿ ಜಾಜದಾಗ ಹೋಗಿದ್ದ ಇಮಾಮಸಾಬ?" ಎಂದು ಕೇಳಿದಳು.

ಆ ಹಡಗಿನ ಕಥೆ ಕೇಳದೆ ನಾನು ಬೆಳೆದವಳಲ್ಲ. ದಾದಾ, ಅಂದರೆ ನನ್ನ ತಂದೆಯ ತಂದೆ, ಯುದ್ಧದ ಕಾಲಕ್ಕೆ ಒಬ್ಬ ಮರದ ಗುತ್ತಿಗೆದಾರನ ಲಾರಿ ಓಡಿಸುತ್ತಿದ್ದರು. ಸೈನ್ಯಕ್ಕೆ ಮರ ಕಡಿಯುವವರು, ಕೊಯ್ಯುವವರು, ಸಾಗಿಸುವವರು ಬೇಕೆಂದು ಜೋಯಿಡಾ ಕಾಡಿನಿಂದ ಒಂದಿಷ್ಟು ಮಂದಿಯನ್ನು ಸೇರಿಸಿಕೊಂಡು ಹೋದಾಗ ಅವರೂ ಹೋದರು. ಮುಂಬಯಿ ಬಂದರಿನಲ್ಲಿ ಅವರನ್ನೆಲ್ಲ ಹತ್ತಿಸಿದ್ದು ಇಟಲಿಯವರ ಒಂದು ಹಡಗಿಗೆ. ಸಾಹುಕಾರರು ಉಂಡು ಕುಣಿದು ದೇಶ ಸುತ್ತಲೆಂದು ಕಟ್ಟಿದ ಹಡಗು. ಯುದ್ಧದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿ, ಮೈಗೆಲ್ಲ ಬೂದುಬಣ್ಣ ಬಳಿಸಿಕೊಂಡು ಸಿಪಾಯಿಗಳನ್ನು ಹೊರುತ್ತಿತ್ತು. ಹೆಸರು ಬಣ್ಣದಡಿ ಮುಚ್ಚಿಹೋಗಿದ್ದರಿಂದ ದಾದಾ ಅದನ್ನು ಕೊನೆಯವರೆಗೂ ಇಟಲಿ ಜಹಾಜು ಎಂದೇ ಕರೆದರು.

ಕಥೆ ಹೇಳುವಾಗ ಅವರು ಎದ್ದು ನಿಲ್ಲುತ್ತಿದ್ದರು. ಗೋಡೆಯಗಲದ ಕನ್ನಡಿಗಳಿಗೆ ಹಲಗೆ ಬಡಿದಿದ್ದರಂತೆ. ಊಟದ ಸಭಾಂಗಣದ ಚಾವಣಿಯಲ್ಲಿ ರೆಕ್ಕೆಯಿದ್ದ ಬತ್ತಲೆ ಮಕ್ಕಳ ಚಿತ್ರವಿತ್ತಂತೆ. ಇಲ್ಲಿಗೆ ಬಂದಾಗ ದಾದಿ, ಅಂದರೆ ಅಜ್ಜಿ, ಒಳಗಿನಿಂದಲೇ ಗದರುವರು, ದಾದಾ ದನಿ ತಗ್ಗಿಸಿ ಮುಂದುವರಿಸುವರು. ಎಲ್ಲಕ್ಕಿಂತ ನಮಗೆ ಮಜವೆನಿಸುತ್ತಿದ್ದುದು ಈಜುಕೊಳ. ಸಮುದ್ರದ ಮೇಲೆ ತೇಲುವ ಹಡಗು, ಅದರ ಹೊಟ್ಟೆಯೊಳಗೆ ನೀಲಿ ಹಾಸುಬಿಲ್ಲೆ ಹಾಕಿದ ಕೊಳ. ಸಿಪಾಯಿಗಳಿಗೆ ಜಾಗ ಸಾಲದೆ ನೀರು ಖಾಲಿ ಮಾಡಿ ಅದರಲ್ಲಿ ಒಂದರ ಮೇಲೊಂದು ಮಂಚ ನಿಲ್ಲಿಸಿದ್ದರಂತೆ. ಮರ ಕಡಿಯುವವರ ಪಾಲಿಗೆ ಬಂದದ್ದು ಆ ಕೊಳದ ತಳ. "ನೀರ ಇಲ್ಲದ ಹೊಂಡದಾಗ ಮಲ್ಕೊಂಡ ಸಮುದ್ರ ದಾಟಿದ್ವಿ" ಎಂದು ದಾದಾ ನಕ್ಕರೆ ಕಥೆ ಮುಗಿಯಿತೆಂದು ಅರ್ಥ, ನಾವು ಎದ್ದು ಆಡಲು ಹೋಗುತ್ತಿದ್ದೆವು.

ಸುಬ್ಬಜ್ಜಿಯ ಮನೆಯಲ್ಲಿ ಕಥೆ ಅಲ್ಲಿಂದ ಶುರುವಾಗುತ್ತಿತ್ತು. ಕೊಳದ ತಳದಲ್ಲಿ ದಾದಾನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದವನು ಅವಳ ಅಣ್ಣ ಲಕ್ಷ್ಮಣ, ಗಣಪತಿಯ ಅಜ್ಜ. ಗರಗಸದ ಕೆಲಸದವನು. ಹೆಂಡತಿಯನ್ನೂ ಎದೆಹಾಲು ಕುಡಿಯುವ ಮಗನನ್ನೂ ಬಿಟ್ಟು ಹೋಗಿದ್ದ. ಹಡಗು ಇನ್ನೂ ಸಮುದ್ರದಲ್ಲಿರುವಾಗಲೇ ಅವನಿಗೆ ಜ್ವರ ಬಂತು, ರೋಗಿಗಳ ಕೋಣೆಗೆ ಹೊತ್ತುಕೊಂಡು ಹೋದರು. ಉಳಿದವರನ್ನು ಯಾವುದೋ ಬಂದರಿನಲ್ಲಿ ಇಳಿಸಲಾಯಿತು. ಹಡಗು ಅವನನ್ನು ಒಳಗಿಟ್ಟುಕೊಂಡೇ ಮುಂದೆ ಹೋಯಿತು. ಆಮೇಲೆ ಅವನನ್ನು ಕಂಡವರಿಲ್ಲ. ಸರ್ಕಾರದಿಂದ ಏನೂ ಬರಲಿಲ್ಲವೇ ಎಂದು ನಾನೂ ಕೇಳಿದೆ. ಜೋಯಿಡಾ ಕಾಡಿನೊಳಗೆ ಆಗ ತಾವಿದ್ದ ಮನೆಗೆ ಹುಲಿ ಬರುತ್ತಿತ್ತು, ಅಂಚೆಯವನು ಬರುತ್ತಿರಲಿಲ್ಲ ಎಂದಳು ಸುಬ್ಬಜ್ಜಿ.

ಯುದ್ಧ ಮುಗಿದ ಮೇಲೆ ದಾದಾ ಒಬ್ಬರೇ ಆ ಮನೆಗೆ ನಡೆದು ಹೋಗಿದ್ದರಂತೆ. ಲಕ್ಷ್ಮಣ ಸತ್ತನೆಂದು ತಿಳಿಯಬಹುದೇ ಎಂದು ಹಿರಿಯರು ಕೇಳಿದಾಗ ದಾದಾ ಹೇಳಿದ ಮಾತನ್ನು ಸುಬ್ಬಜ್ಜಿ ಇದ್ದ ಹಾಗೆ ಒಪ್ಪಿಸಿದಳು. "ನಾ ನೋಡಿದ್ದು ಜ್ವರಾ. ಸಾವು ನೋಡಿಲ್ಲ. ನೋಡದ್ದನ್ನ ಹೆಂಗ ಹೇಳ್ಲಿ?" ಸುಳ್ಳಾಡದ ಮನುಷ್ಯ ಎಂದು ಹಳಿಯಾಳದಲ್ಲಿ ದಾದಾನಿಗೆ ಹೆಸರಿತ್ತು. ಆ ಸತ್ಯ ಈ ಮನೆಯವರನ್ನು ಏನು ಮಾಡಿತು ಎಂದು ಹಳಿಯಾಳಕ್ಕೆ ಗೊತ್ತಿರಲಿಲ್ಲ.

ಸಾಲದ್ದಕ್ಕೆ, ಕೆಲವು ವರ್ಷಗಳ ನಂತರ ದಾದಾ ಇನ್ನೊಂದು ಸುದ್ದಿಯನ್ನೂ ಒಯ್ದರು. ಆ ಹಡಗು ಮುಳುಗಿಲ್ಲವಂತೆ, ಮತ್ತೆ ಬಿಳಿ ಬಣ್ಣ ಬಳಿದುಕೊಂಡು ಸಾಹುಕಾರರನ್ನು ಹೊರುತ್ತಿದೆಯಂತೆ ಎಂದು ಹಳೆಯ ಜೊತೆಗಾರನೊಬ್ಬ ಅವರಿಗೆ ಹೇಳಿದ್ದ. ಸಮಾಧಾನವಾಗಲೆಂದು ದಾದಾ ಹೇಳಿದರೇನೋ. ಲಕ್ಷ್ಮಣನ ಹೆಂಡತಿ ಅದನ್ನೇ ಹಿಡಿದುಕೊಂಡಳು. ಹಡಗು ಹೊಳ್ಳಿ ಬಂದಿದೆ ಎಂದಮೇಲೆ ಒಳಗಿದ್ದವನೂ ಬರಲೇಬೇಕು ಎಂದಳು. ಹಣೆಯ ಕುಂಕುಮ ಅಳಿಸಲಿಲ್ಲ, ಮುದುಕಿಯಾಗಿ ಸಾಯುವವರೆಗೂ ಅಳಿಸಲಿಲ್ಲ. ಆ ಹಡಗು ಮುಳುಗಿದ್ದರೆ ಒಳ್ಳೆಯದಿತ್ತು. ನರ್ಸಾದವಳು ಆಡುವ ಮಾತಲ್ಲ ಇದು, ಆದರೂ ಆಡುತ್ತೇನೆ.

ಅವರ ಮನೆಯ ಪದ್ಧತಿಯೊಂದನ್ನು ಇಲ್ಲಿ ಹೇಳಬೇಕು. ಅಡುಗೆಮನೆಯ ಪಕ್ಕ ಸಾರಿಸಿದ ಸಣ್ಣ ಕಟ್ಟೆಯ ಮೇಲೆ ತೆಂಗಿನಕಾಯಿಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಒಂದೊಂದು ಕಾಯಿ ಒಬ್ಬೊಬ್ಬ ಹಿರಿಯ. ಸತ್ತವರನ್ನು ಹೊರಗಿನಿಂದ ಕರೆತಂದು ಅಲ್ಲಿ ಕೂಡಿಸಿದರೆ ಅವರು ಮನೆಯವರಾಗಿ ಉಳಿಯುತ್ತಾರೆ, ನವರಾತ್ರಿಯಲ್ಲಿ ಕಾಯಿ ಬದಲಾಯಿಸಿ ಎಡೆ ಇಡುತ್ತಾರೆ. ಕೂಡಿಸದವರು ಹೊರಗೆ, ಮಳೆಗೆ ಗಾಳಿಗೆ. ಊರಿಂದ ದೂರ ಸತ್ತವನಾದರೆ ನೀರಿನ ದಂಡೆಗೆ ಹೋಗಿ ಹೆಸರು ಹಿಡಿದು ಕರೆಯಬೇಕು, ಬಿಂದಿಗೆಯಲ್ಲಿ ನೀರು ತುಂಬಿ ತರಬೇಕು. ಕರೆಯುವವರು ಅವನಿಗೆ ಗುರುತಿದ್ದವರೇ ಆಗಿರಬೇಕು. ಗುರುತಿಲ್ಲದ ದನಿಗೆ ಹೋದವರು ಬರುವುದಿಲ್ಲ. ಮತ್ತೊಂದು ಕಟ್ಟಳೆ, ದೊಡ್ಡವರು ಕೂಡದೆ ಸಣ್ಣವರು ಕೂಡುವಂತಿಲ್ಲ.

ಹಾಗಾಗಿ ಲಕ್ಷ್ಮಣನೊಬ್ಬ ಹೊರಗುಳಿದದ್ದಕ್ಕೆ ಅವನ ಹೆಂಡತಿಯೂ ಹೊರಗೆ, ಮಗನೂ ಹೊರಗೆ. ಆ ಮಗ ಗಣಪತಿಯ ಅಪ್ಪ. ಅವನು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಳೆ ಜೋರಾದ ದಿನ ಗಣಪತಿ ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತುಬಿಡುವುದನ್ನು ನಾನು ಕಂಡಿದ್ದೇನೆ. ಅಪ್ಪ ಹೊರಗೆ ನೆನೆಯುತ್ತಿರುವಾಗ ಅನ್ನ ಇಳಿಯುವುದಿಲ್ಲ ಎಂದು ಅವನ ಹೆಂಡತಿ ನನಗೆ ಹೇಳಿದಳು. ಲಕ್ಷ್ಮಣನನ್ನು ಕಂಡಿದ್ದವರಲ್ಲಿ ಬದುಕಿದ್ದವಳು ಸುಬ್ಬಜ್ಜಿ ಒಬ್ಬಳೇ. ಅವಳ ಗಂಟಲಿಗೇ ಗಂಟು ಬಿದ್ದಿತ್ತು.

ಹುಬ್ಬಳ್ಳಿಗೆ ಕರೆದೊಯ್ದು ತೋರಿಸಿದೆವು. ನಾನು ಅಂದುಕೊಂಡದ್ದನ್ನೇ ಡಾಕ್ಟರು ಹೇಳಿದರು. ಈ ವಯಸ್ಸಿಗೆ ಕತ್ತಿ ಹಾಕಲಾರೆವು, ಮೊದಲು ದನಿ ಹೋಗುತ್ತದೆ, ಆಮೇಲೆ ಅನ್ನ, ಆಮೇಲೆ ಉಸಿರು. ಹಿಂದಿರುಗುವಾಗ ಸುಬ್ಬಜ್ಜಿ ಕೇಳಿದ್ದು ಒಂದೇ, ದನಿ ನವರಾತ್ರಿವರೆಗೆ ಉಳಿಯುತ್ತದೋ ಇಲ್ಲವೋ ಎಂದು. ಸಾವಿನ ಬಗ್ಗೆ ಕೇಳಲೇ ಇಲ್ಲ. ಆ ಕರೆಯುವ ಕೆಲಸ ನವರಾತ್ರಿಯಲ್ಲಲ್ಲದೆ ಬೇರೆ ದಿನ ಆಗುವಂಥದಲ್ಲ. ನಾನು ಉಳಿಯುತ್ತದೆ ಎಂದೆ. ನನ್ನ ಕೆಲಸದಲ್ಲಿ ಇಂಥ ಮಾತು ದಿನಾ ಆಡಬೇಕಾಗುತ್ತದೆ.

ಆದರೆ ದನಿಯ ಮಾತು ಆಮೇಲಿನದು, ಮೊದಲು ಕೇರಿಯ ಹಿರಿಯ ರಾಮಣ್ಣ ಒಪ್ಪಬೇಕಿತ್ತು. ಸತ್ತದ್ದನ್ನು ಕಂಡವರಿಲ್ಲದೆ ಕೂಡಿಸಿದರೆ, ಅವನು ಎಲ್ಲೋ ಬದುಕಿದ್ದವನಾದರೆ, ಅದು ಮನುಷ್ಯನನ್ನು ಜೀವಂತ ಹೂತಂತೆ ಎಂದು ರಾಮಣ್ಣನ ಅಪ್ಪನ ಕಾಲದಿಂದ ಬಂದ ತೀರ್ಪು. ಲಕ್ಷ್ಮಣ ಈಗ ಬದುಕಿದ್ದರೆ ನೂರು ದಾಟಿರುತ್ತಾನಲ್ಲ ಎಂದು ನಾನು ವಾದಿಸಿದೆ. ವಯಸ್ಸು ಸಾಕ್ಷಿಯಾಗುವುದಿಲ್ಲ ಎಂದ ರಾಮಣ್ಣ. ನನ್ನ ಕಡೆ ತಿರುಗಿ, ನಿಮ್ಮ ಅಜ್ಜ ಸಾಯುವ ಮುಂಚೆ ಮನೆಯಲ್ಲಾದರೂ ಏನಾದರೂ ಹೇಳಿದ್ದರೇ ಎಂದು ಕೇಳಿದ. ಹೂಂ ಅಂದರೆ ಮುಗಿಯುತ್ತಿತ್ತು. ಆದರೆ ದಾದಾ ಹೇಳದ್ದನ್ನು ಅವರ ಬಾಯಿಗೆ ತುರುಕಲು ನನ್ನ ನಾಲಗೆ ಏಳಲಿಲ್ಲ.

ಆಗ ನೆನಪಾದದ್ದು ಶಬೇ ಬರಾತ್. ಅವತ್ತು ನಮ್ಮಲ್ಲಿ ಸತ್ತವರ ಹೆಸರಿನಲ್ಲಿ ಹಲ್ವಾ ಮಾಡಿ ಫಾತಿಹಾ ಪ್ರಾರ್ಥನೆ ಓದುತ್ತೇವೆ. ದಾದಾ ತಮ್ಮ ತಂದೆಯ ಪಾಲು, ತಾಯಿಯ ಪಾಲು ಎಂದು ಇಟ್ಟಮೇಲೆ ಯಾರ ಹೆಸರೂ ಹೇಳದೆ ಇನ್ನೊಂದು ಪಾಲು ಇಡುತ್ತಿದ್ದರು. ನಮ್ಮವರಲ್ಲದವರಿಗೆ ಇದೆಲ್ಲ ಸಲ್ಲುತ್ತದೆಯೇ ಎಂದು ದಾದಿ ಗೊಣಗಿದರೆ, ಜಹಾಜಿನಲ್ಲಿ ಪಕ್ಕದಲ್ಲಿ ಮಲಗಿದವನು ನಮ್ಮವನೇ ಎನ್ನುತ್ತಿದ್ದರು. ಅದನ್ನು ರಾಮಣ್ಣನಿಗೆ ಹೇಳಿದೆ.

"ಬದುಕಿದ್ದವನ ಹೆಸರಲೆ ನಿಮ್ಮ ಮಂದಿ ಅದನ್ನ ಓದೂದಿಲ್ಲ ಅಲ್ಲೇನ್ರಿ?" ಎಂದು ಅವನು ಕೇಳಿದ.

ಇಲ್ಲ ಎಂದೆ. ಹಾಗಾದರೆ ಇಮಾಮಸಾಬ ಬಾಯಿಯಿಂದ ಹೇಳದಿದ್ದರೂ ಕೈಯಿಂದ ಹೇಳಿದ್ದಾನೆ, ಅಷ್ಟು ಸಾಕು ಎಂದ ರಾಮಣ್ಣ. ಗಣಪತಿ ಎದ್ದು ಹಿತ್ತಲಿಗೆ ಹೋದ. ಅವನು ಅಳುತ್ತಿದ್ದದ್ದು ಎಲ್ಲರಿಗೂ ಗೊತ್ತಾಯಿತು, ಯಾರೂ ಹಿಂದೆ ಹೋಗಲಿಲ್ಲ.

ಆಮೇಲೆ ಉಳಿದದ್ದು ದನಿ ಕಾಯುವ ಕೆಲಸ. ಮಾತಾಡಕೂಡದು ಎಂದು ಸುಬ್ಬಜ್ಜಿಗೆ ಅಪ್ಪಣೆ ಮಾಡಿದೆ. ಮಾತು ನಿಲ್ಲಿಸಿದರೆ ಗಂಟಲ ಗಂಟು ನಿಲ್ಲುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಆ ಮನೆಯವರಿಗೆ ಮಾಡಲು ಏನಾದರೂ ಕೆಲಸ ಬೇಕಿತ್ತು, ನನಗೂ ಬೇಕಿತ್ತು. ಹುಟ್ಟಿದಾಗಿನಿಂದ ಬಾಯಿ ಮುಚ್ಚದವಳು ಆ ಮಳೆಗಾಲ ಇಡೀ ಮೂಕಿಯಾಗಿ ಕೂತಳು. ನೀರು ಬೇಕೆಂದರೆ ಚೊಂಬು ಬಡಿಯುವಳು, ಸಿಟ್ಟು ಬಂದರೆ ಕೋಲು ಬಡಿಯುವಳು. ಕೋಳಿ ಅಂಗಳದ ಭತ್ತಕ್ಕೆ ಬಾಯಿ ಹಾಕಿದರೆ ಹುಶ್ ಎನ್ನಲು ತೆರೆದ ಬಾಯಿಯನ್ನು ಕೈಯಿಂದ ಮುಚ್ಚಿಕೊಳ್ಳುವಳು. ನಾವು ನಗುತ್ತಿದ್ದೆವು, ಅವಳೂ ಸದ್ದಿಲ್ಲದೆ ನಗುವಳು. ಆ ಮನೆಯಲ್ಲಿ ನಾನು ಕಂಡ ನಗು ಅಷ್ಟೇ.

ಶ್ರಾವಣದಲ್ಲಿ ಒಂದು ದಿನ ಗಣಪತಿ ಮೊಬೈಲು ಹಿಡಿದು ಬಂದ. ಹೆಚ್ಚುಕಡಿಮೆಯಾದರೆ ಇರಲಿ ಎಂದು ಒಂದು ಸಲ ಅಜ್ಜಿಯಿಂದ ಕರೆಸಿ ದನಿ ಹಿಡಿದಿಡೋಣವೇ ಎಂದು ಕೇಳಿದ. ನಾನು ಒಪ್ಪಿದೆ. ಸುಬ್ಬಜ್ಜಿ ಜಗಲಿಯ ಕಂಬ ಹಿಡಿದು ಎದ್ದು ನಿಂತು, ಮಳೆಯ ಕಡೆ ಮುಖ ಮಾಡಿ, ಲಕ್ಷ್ಮಣಾ, ಅಣ್ಣಾ, ಮನಿಗಿ ಬಾ ಎಂದು ಕರೆದಳು. ಒಡೆದ ದನಿ, ಆದರೂ ದನಿ. ಕರೆದಾದ ಮೇಲೆ ಮೊಬೈಲಿನತ್ತ ನೋಡಲೂ ಇಲ್ಲ, ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು.

ಭಾದ್ರಪದ ಮುಗಿಯುವ ಹೊತ್ತಿಗೆ ಗಂಜಿಯೂ ನಿಧಾನವಾಗಿ ಇಳಿಯತೊಡಗಿತು. ದನಿ ಇದೆಯೋ ಇಲ್ಲವೋ ಪರೀಕ್ಷಿಸುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ನಾನು ದಿನಾ ಹೋಗಿ ನಾಡಿ ಹಿಡಿದು ನೋಡಿ, ಚೆನ್ನಾಗಿದೆ ಎಂದು ಹೇಳಿ ಬರುತ್ತಿದ್ದೆ.

ಅವರ ಹಳೆಯ ಮನೆ ಇದ್ದದ್ದು ಜೋಯಿಡಾ ಕಡೆ. ಸೂಪಾದಲ್ಲಿ ಅಣೆಕಟ್ಟು ಎದ್ದಾಗ ಆ ಊರು ನೀರಿನಡಿ ಹೋಗಿ, ಈ ಕುಟುಂಬ ನೆಂಟರಿದ್ದ ಮುಂಡಗೋಡಕ್ಕೆ ಬಂದಿತ್ತು. ಲಕ್ಷ್ಮಣ ತಿರುಗಿ ಬಂದಿದ್ದರೂ ತನಗೆ ಗೊತ್ತಿದ್ದ ಮನೆಗೇ ಬಂದಿರುತ್ತಾನೆ, ಅದಕ್ಕೇ ಆ ಹಿನ್ನೀರಿನ ದಂಡೆಯಲ್ಲೇ ಕರೆಯಬೇಕು ಎಂದು ರಾಮಣ್ಣ ನಿರ್ಧರಿಸಿದ. ಗಣಪತಿ ಟೆಂಪೋ ಮಾಡಿಸಿದ. ಬೆಳಿಗ್ಗೆ ಹೊರಟು ಹಳಿಯಾಳ, ದಾಂಡೇಲಿ ದಾಟಿ ಹೋದೆವು. ದಾರಿಯಲ್ಲಿ ತೇರಗಾಂವದ ಕಡೆಯ ಹೊಲಗಳಲ್ಲಿ ಭತ್ತ ತೆನೆ ಬಿಟ್ಟು ನಿಂತಿತ್ತು. ಸುಬ್ಬಜ್ಜಿ ಹೊಸ ಸೀರೆ ಉಟ್ಟಿದ್ದಳು. ಅವಳ ಮೈ ಎಷ್ಟು ಹಗುರಾಗಿತ್ತೆಂದರೆ ಟೆಂಪೋ ಕುಲುಕಿದಾಗೆಲ್ಲ ನಾನು ಅವಳನ್ನು ಅವುಚಿ ಹಿಡಿಯಬೇಕಾಗುತ್ತಿತ್ತು.

ಹಿನ್ನೀರು ತುಂಬಿತ್ತು. ಒಣಗಿದ ಮರಗಳ ತಲೆಗಳು ಅಲ್ಲಲ್ಲಿ ನೀರಿನಿಂದ ಮೇಲೆ ಬಂದಿದ್ದವು. ಬಿಸಿಲು ಹೊಳೆಯುತ್ತಿತ್ತು. ದಂಡೆಯಲ್ಲಿ ತೆಂಗಿನಕಾಯಿ, ಅಕ್ಕಿ, ಹೂವು ಇಟ್ಟು ರಾಮಣ್ಣ ಊದುಬತ್ತಿ ಹಚ್ಚಿದ. ಗಣಪತಿ ತಾಮ್ರದ ಬಿಂದಿಗೆ ಹಿಡಿದು ಸೊಂಟದವರೆಗೆ ನೀರಿಗಿಳಿದು ನಿಂತ. ಅವನ ಹೆಂಡತಿಯೂ ನಾನೂ ಸುಬ್ಬಜ್ಜಿಯನ್ನು ಎರಡೂ ಕಡೆ ಹಿಡಿದು ದಂಡೆಗೆ ತಂದು ನಿಲ್ಲಿಸಿದೆವು. ರಾಮಣ್ಣ ಕೈ ಸನ್ನೆ ಮಾಡಿದ.

ಸುಬ್ಬಜ್ಜಿ ಬಾಯಿ ತೆರೆದಳು. ಗಾಳಿ ಬಂತು. ಮತ್ತೆ ತೆರೆದಳು. ಕತ್ತಿನ ನರಗಳೆಲ್ಲ ಎದ್ದವು, ಬಂದದ್ದು ಗಾಳಿಯೇ. ಇಷ್ಟು ತಿಂಗಳು ಅವಳು ಉಳಿಸಿಟ್ಟುಕೊಂಡಿದ್ದ ದನಿ ಯಾವ ದಿನ ಹೋಯಿತೋ ಅವಳಿಗೇ ಗೊತ್ತಿರಲಿಲ್ಲ, ಬಳಸಿದ್ದರಲ್ಲವೇ ಗೊತ್ತಾಗುವುದು. ಮೂರನೆಯ ಸಲ ಪ್ರಯತ್ನಿಸಲು ಹೋದಾಗ ಕೆಮ್ಮು ಬಂದು ರಕ್ತ ಕಾಣಿಸಿತು. ನಾನು ಸಾಕು ಎಂದೆ. ನೀರಲ್ಲಿ ನಿಂತಿದ್ದ ಗಣಪತಿ ನಮ್ಮ ಕಡೆ ತಿರುಗಲಿಲ್ಲ. ನಾನೇ ಕರೆಯಲೇ ಎಂದು ಕೇಳಿದ. ನಿನ್ನನ್ನು ಅವನು ಕಂಡೇ ಇಲ್ಲವಲ್ಲೋ ಎಂದ ರಾಮಣ್ಣ.

ಮೊಬೈಲು ಗಣಪತಿಯ ಹೆಂಡತಿಯ ಹತ್ತಿರವಿತ್ತು. ಅವಳು ಅದನ್ನು ರಾಮಣ್ಣನ ಮುಂದೆ ಹಿಡಿದಳು. ಯಂತ್ರದ ದನಿ ನಡೆಯುತ್ತದೆಯೇ ಎಂದು ಅವನು ಯೋಚಿಸಿದ. ದನಿ ಅವಳದೇ, ಉಸಿರು ಅವಳದೇ, ಅವಳೂ ಇಲ್ಲೇ ನಿಂತಿದ್ದಾಳೆ ಎಂದು ತಾನೇ ಸಮಾಧಾನ ಹೇಳಿಕೊಂಡು ಒಪ್ಪಿದ.

ಶ್ರಾವಣದ ಮಳೆಯ ಸದ್ದಿನೊಡನೆ ಆ ಕರೆ ಬಿಸಿಲಿನಲ್ಲಿ ನೀರಿನ ಮೇಲೆ ಹೋಯಿತು. ಲಕ್ಷ್ಮಣಾ, ಅಣ್ಣಾ, ಮನಿಗಿ ಬಾ. ಮತ್ತೊಮ್ಮೆ ಹಚ್ಚಿದರು. ಗಣಪತಿ ಬಿಂದಿಗೆಯನ್ನು ನೀರಿಗೆ ಬಾಗಿಸಿ ಹಿಡಿದಿದ್ದ. ಮೂರನೆಯ ಕರೆಗೆ ಅದನ್ನು ತುಂಬಿಸಿ ಮೇಲೆತ್ತಬೇಕು. ನನಗೆ ಅದರಲ್ಲೆಲ್ಲ ನಂಬಿಕೆಯಿಲ್ಲ. ಆದರೆ ಆ ಹೊತ್ತಿನಲ್ಲಿ ಬಾ ಮಾರಾಯ, ಬಂದುಬಿಡು ಎಂದು ನಾನೂ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಮೂರನೆಯದನ್ನು ಹಚ್ಚುವಷ್ಟರಲ್ಲಿ ಸುಬ್ಬಜ್ಜಿ ಕೈಯೆತ್ತಿ ತಡೆದಳು. ಅವಳು ತನ್ನ ದನಿಯನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ನನ್ನ ಕುತ್ತಿಗೆ ಹಿಡಿದು ಬಗ್ಗಿಸಿ ಕಿವಿಯಲ್ಲಿ ಉಸಿರಿನಲ್ಲೇ ಹೇಳಿದಳು. ಮಾತು ಮಾತಿಗೂ ನಿಲ್ಲಿಸಿ ಹೇಳಿದಳು. ಬೇರೆ ಯಾರಿಗೂ ಕೇಳುವಂತಿರಲಿಲ್ಲ, ಹಾಗಾಗಿ ಅದನ್ನು ಗಟ್ಟಿಯಾಗಿ ಎಲ್ಲರಿಗೂ ಹೇಳಬೇಕಾದವಳು ನಾನೇ ಆದೆ.

"ಅಂವಾ ಹೋಗೂ ಮುಂದ ನಾ ಆಡು ಕಾಯೂ ಹುಡುಗಿ. ಈ ಮುದುಕಿ ದನಿ ಅಂವಾ ಎಂದ ಕೇಳ್ಯಾನ? ಯಾರನ್ನೋ ಯಾರೋ ಕರ್ಯಾಕ್ಹತ್ಯಾರ ಅಂತ ತಿಳ್ಕೊಂತಾನ. ಸಾಕ ಮಾಡ್ರಿ."

ಇಷ್ಟು ವರ್ಷ ಆ ಮನೆಯವರು ಸಾಕ್ಷಿಗಾಗಿ ಕಾದರು, ಒಂದು ಇಡೀ ಮಳೆಗಾಲ ದನಿಯನ್ನು ಕಾದರು. ಲಕ್ಷ್ಮಣ ಗುರುತು ಹಿಡಿಯಬಹುದಾಗಿದ್ದ ದನಿ ಅವಳು ದೊಡ್ಡವಳಾದಾಗಲೇ ಹೋಗಿತ್ತು. ಇದು ನಮಗ್ಯಾರಿಗೂ ಹೊಳೆದಿರಲಿಲ್ಲ. ಗಣಪತಿ ಬಿಂದಿಗೆಯಲ್ಲಿದ್ದ ನೀರನ್ನು ಅಲ್ಲೇ ಚೆಲ್ಲಿ, ಬೋರಲು ಹಿಡಿದು ಮೇಲೆ ಬಂದ. ದಂಡೆಗಿಟ್ಟಿದ್ದ ಕಾಯಿಯನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಕಾರ್ತಿಕ ಬರುವ ಮೊದಲೇ ಸುಬ್ಬಜ್ಜಿ ಹೋದಳು. ಡಾಕ್ಟರು ಹೇಳಿದ್ದ ಕ್ರಮದಲ್ಲೇ ಹೋದಳು. ಕೊನೆಯ ವಾರ ನಾನು ಅಲ್ಲೇ ಇದ್ದೆ, ಬಾಯಿಗೆ ಒದ್ದೆ ಬಟ್ಟೆ ಒತ್ತುವುದನ್ನು ಬಿಟ್ಟರೆ ನನ್ನಿಂದ ಏನೂ ಆಗಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಮನೆಯವರೆಲ್ಲ ಕೈಕಾಲು ತೊಳೆದು ಒಳಗೆ ಹೋದರು. ಗಣಪತಿ ಮಾತ್ರ ಜಗಲಿಯ ಮೇಲೆ ಕೂತ. ಮಳೆ ಇರಲಿಲ್ಲ, ಆದರೂ ಸೂರಿನ ಕಡೆ ನೋಡುತ್ತಿದ್ದ. ನಾನು ಚೀಲ ಎತ್ತಿಕೊಂಡು ಹೊರಟಾಗ ನನ್ನ ಮುಖ ನೋಡದೆ ಕೇಳಿದ.

"ಹಂಗಾರ ನಾ ಸತ್ತ ಮ್ಯಾಲೆ ನಾನೂ ಹೊರಗ ಏನ್ರಿ, ಸಿಸ್ಟರ್?"

ಅವನ ಪಕ್ಕದಲ್ಲಿ ಕೂತೆ. ಇಲ್ಲಪ್ಪಾ ಎಂಬ ಸುಳ್ಳನ್ನು ಅವನಿಗೆ ಹೇಳದೆ ಚೀಲ ಕೆಳಗಿಟ್ಟೆ.